ದೂರದರ್ಶಕದ ಮೌಂಟ್ ಗುರಿ ತಪ್ಪದಿರಲು, ನಕ್ಷತ್ರ ಗೆರೆಯಾಗದಿರಲು: ಹಂತ ಹಂತದ ಮಾರ್ಗದರ್ಶಿ

ದೂರದರ್ಶಕವನ್ನು ಹೊತ್ತು ತಿರುಗಿಸುವ ಯಂತ್ರವೇ ಮೌಂಟ್. ಒಂದು ನೀಹಾರಿಕೆಯ ಹೆಸರು ಒತ್ತಿ ದೂರದರ್ಶಕವನ್ನು ತಿರುಗಿಸುತ್ತೀರಿ; ಚಿತ್ರದಲ್ಲಿ ಅದು ಇರುವುದೇ ಇಲ್ಲ. ಹೇಗೋ ಹುಡುಕಿ ನಡುವೆ ತಂದು ಐದು ನಿಮಿಷದ ಎಕ್ಸ್‌ಪೋಶರ್ ಕೊಡುತ್ತೀರಿ. ನಕ್ಷತ್ರಗಳು ಚುಕ್ಕಿಗಳಾಗುವ ಬದಲು ಕಡ್ಡಿಗಳಾಗಿರುತ್ತವೆ. ಆಗ ಹೆಚ್ಚಿನವರು ಗೈಡಿಂಗ್ ತಂತ್ರಾಂಶ (ಒಂದು ನಕ್ಷತ್ರವನ್ನು ನೋಡುತ್ತ ಮೌಂಟ್‌ನ ಚಲನೆಯನ್ನು ತಿದ್ದುವಂತಹದು) ತೆರೆದು ಅದರ ಸಂಖ್ಯೆಗಳನ್ನು ಒಂದೊಂದಾಗಿ ಬದಲಿಸಲು ತೊಡಗುತ್ತಾರೆ. ರಾತ್ರಿ ಮುಗಿಯುತ್ತದೆ, ತೊಂದರೆ ಹಾಗೆಯೇ ಉಳಿಯುತ್ತದೆ.

ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಪ್ರತಿ ಸಲವೂ ಒಂದೇ ರೀತಿ ಮರುಕಳಿಸುವ ದೋಷವನ್ನು ತಂತ್ರಾಂಶ ತಿದ್ದಬಲ್ಲದು. ನಿಧಾನವಾಗಿ ಬೆಳೆಯುವ ದೋಷವನ್ನೂ ತಿದ್ದಬಲ್ಲದು. ಆದರೆ ಸಡಿಲವಾದ ಸ್ಕ್ರೂ ಈಗ ಎಡಕ್ಕೆ, ಅರ್ಧ ಗಂಟೆಯ ಬಳಿಕ ಬಲಕ್ಕೆ ಜಾರುತ್ತದೆ. ಅದನ್ನು ಮೊದಲೇ ಊಹಿಸಿ ತಿದ್ದುವ ಲೆಕ್ಕ ಯಾವುದೂ ಇಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ನಾಲ್ಕನೆಯದನ್ನು ಮುಗಿಸದೆ ಏಳನೆಯದಕ್ಕೆ ಹಾರಿದರೆ, ಏಳನೆಯದನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಇಲ್ಲಿ ಹೇಳಿರುವುದೆಲ್ಲ ಇಕ್ವಟೋರಿಯಲ್ ಮೌಂಟ್‌ಗೆ, ಅಂದರೆ ಒಂದು ಅಕ್ಷ ಖಗೋಳ ಧ್ರುವದತ್ತ ನೋಡುತ್ತ ಆಕಾಶದ ಜೊತೆ ತಿರುಗುವ ಮೌಂಟ್‌ಗೆ, ಸಂಬಂಧಿಸಿದ್ದು. ಆ ಅಕ್ಷವೇ ಆರ್‌ಎ; ಅದಕ್ಕೆ ಲಂಬವಾದದ್ದು ಡೆಕ್. ವಿಷುವದಂಶದ ಅಕ್ಷವನ್ನು ಆರ್‌ಎ ಎಂದೂ ಘಂಟಾವೃತ್ತಾಂಶದ ಅಕ್ಷವನ್ನು ಡೆಕ್ ಎಂದೂ ಕರೆಯುತ್ತೇನೆ. ಪರದೆಯ ಮೇಲೆ ನಿಮಗೆ ಕಾಣುವುದು ಆ ಹೆಸರುಗಳೇ.

## ಬೇಕಾದ ಸಲಕರಣೆ

ಕಂಪ್ಯೂಟರಿನಿಂದ ನಡೆಸಬಹುದಾದ ಮೌಂಟ್, ಅದಕ್ಕೆ ತಕ್ಕ ಆಸ್ಕಾಮ್ ಅಥವಾ ಇಂಡಿ ಡ್ರೈವರ್ (ಕಂಪ್ಯೂಟರ್ ಮತ್ತು ಮೌಂಟ್ ನಡುವಿನ ತಂತ್ರಾಂಶ), ಮುಖ್ಯ ಕ್ಯಾಮೆರಾ, ಗೈಡ್ ಕ್ಯಾಮೆರಾ. ತಂತ್ರಾಂಶಗಳಲ್ಲಿ ಇಡೀ ರಾತ್ರಿಯ ಕೆಲಸ ನಡೆಸಲು ನೀನಾ ಅಥವಾ ಈಕೋಸ್, ಚಿತ್ರ ನೋಡಿ ಆಕಾಶದ ಸ್ಥಾನ ಗುರುತಿಸಲು ಆಸ್ಟಾಪ್, ಗೈಡಿಂಗ್‌ಗೆ ಪಿಎಚ್‌ಡಿ2. ಇವೆಲ್ಲವೂ ಉಚಿತ. ಜೊತೆಗೆ ಅಲೆನ್ ಕೀಗಳ ಗೊಂಚಲು, ಕೆಂಪು ಟಾರ್ಚ್, ಒಂದು ನೋಟ್‌ಬುಕ್.

ಗೈಡ್ ಕ್ಯಾಮೆರಾದಿಂದ ಮೌಂಟ್‌ಗೆ ಹೋಗುವ ಎಸ್‌ಟಿ4 ತಂತಿಯನ್ನು ಬಿಟ್ಟು, ಕಂಪ್ಯೂಟರಿನಿಂದ ಮೌಂಟ್‌ಗೆ ನೇರ ಸಂಪರ್ಕ ಕೊಡಿ. ಎಸ್‌ಟಿ4 ತಂತಿ ಮೌಂಟ್‌ಗೆ ಹೇಳುತ್ತದೆಯೇ ಹೊರತು ಮೌಂಟ್‌ನಿಂದ ಏನನ್ನೂ ಕೇಳಿ ತರುವುದಿಲ್ಲ. ದೂರದರ್ಶಕ ಆಕಾಶದ ಯಾವ ಭಾಗಕ್ಕೆ ತಿರುಗಿದೆ, ಮೌಂಟ್‌ನ ಯಾವ ಬದಿಯಲ್ಲಿದೆ ಎಂಬುದು ಗೊತ್ತಿದ್ದರೆ ಪಿಎಚ್‌ಡಿ2 ತನ್ನ ಲೆಕ್ಕವನ್ನು ತಾನೇ ಹೊಂದಿಸಿಕೊಳ್ಳುತ್ತದೆ.

## ಹಂತ 1: ಎಷ್ಟು ನಿಖರತೆ ಬೇಕೆಂದು ಲೆಕ್ಕ ಹಾಕಿ

ಕ್ಯಾಮೆರಾದ ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ಗಳಲ್ಲಿ ತೆಗೆದುಕೊಂಡು 206.265ರಿಂದ ಗುಣಿಸಿ, ದೂರದರ್ಶಕದ ಸಂಗಮದೂರದ ಮಿಲಿಮೀಟರ್‌ಗಳಿಂದ ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 600 ಮಿ.ಮೀ. ಸಂಗಮದೂರವಾದರೆ ಒಂದು ಪಿಕ್ಸೆಲ್‌ಗೆ 1.29 ಆರ್ಕ್ ಸೆಕೆಂಡ್. (ಒಂದು ಡಿಗ್ರಿಗೆ 60 ಆರ್ಕ್ ನಿಮಿಷ, ಒಂದು ಆರ್ಕ್ ನಿಮಿಷಕ್ಕೆ 60 ಆರ್ಕ್ ಸೆಕೆಂಡ್.)

ಗೈಡಿಂಗ್‌ನ ಒಟ್ಟು ಆರ್‌ಎಂಎಸ್ ದೋಷ (ಒಂದು ಬಗೆಯ ಸರಾಸರಿ ದೋಷ) ಈ ಸಂಖ್ಯೆಗಿಂತ ಕಡಿಮೆ ಇರಬೇಕು. ಅದರ ಅರ್ಧಕ್ಕೆ ಇಳಿದಿದ್ದರೆ ಮೌಂಟ್ ಅನ್ನು ಇನ್ನು ತಿದ್ದಲು ಹೋಗಬೇಡಿ, ಚಿತ್ರ ತೆಗೆಯಿರಿ. ಗೈಡ್ ಕ್ಯಾಮೆರಾಗೂ ಇದೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. ಇಬ್ಬರು ತಮ್ಮ ಗ್ರಾಫ್‌ಗಳನ್ನು ಪಿಕ್ಸೆಲ್‌ಗಳಲ್ಲಿ ಹೋಲಿಸಿಕೊಂಡರೆ ಅದಕ್ಕೆ ಅರ್ಥವಿಲ್ಲ. ಹೋಲಿಕೆ ಆರ್ಕ್ ಸೆಕೆಂಡ್‌ಗಳಲ್ಲೇ ಆಗಬೇಕು.

## ಹಂತ 2: ಸಡಿಲವಿರುವುದನ್ನೆಲ್ಲ ಬಿಗಿ ಮಾಡಿ

ಇದು ತಂತ್ರಾಂಶದ ಕೆಲಸವಲ್ಲ, ಆದರೂ ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಹಗಲಿನಲ್ಲೇ ಮಾಡಿ. ಟ್ರೈಪಾಡ್ ಕಾಲುಗಳ ತಿರುಪು, ದೂರದರ್ಶಕವನ್ನು ಮೌಂಟ್‌ಗೆ ಕೂರಿಸುವ ಡವ್‌ಟೇಲ್ ಹಿಡಿಕೆ, ಗೈಡ್‌ಸ್ಕೋಪ್‌ನ ಉಂಗುರಗಳು, ಫೋಕಸರ್‌ನ ಬೀಗ, ಎಲ್ಲವನ್ನೂ ಕೈಯಿಂದ ಅಲುಗಿಸಿ ನೋಡಿ. ದೂರದರ್ಶಕದ ತುದಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಮೇಲೆ ಕೆಳಗೆ ಒತ್ತಿದಾಗ ಟಕ್ ಟಕ್ ಎಂದು ಕೈಗೆ ತಿಳಿದರೆ ಡೆಕ್ ಗೇರಿನ ಹಲ್ಲುಗಳ ನಡುವೆ ಸಡಿಲಿದೆ ಎಂದರ್ಥ. ಅದನ್ನೇ ಬ್ಯಾಕ್‌ಲ್ಯಾಶ್ ಎನ್ನುವುದು. ತಯಾರಕರು ಹೇಳಿದ ರೀತಿಯಲ್ಲಿ ಅದನ್ನು ಕಡಿಮೆ ಮಾಡಿ. ಪೂರ್ತಿ ತೆಗೆಯಲು ಹೋಗಬೇಡಿ, ಗೇರು ಕಚ್ಚಿಕೊಳ್ಳುತ್ತದೆ.

ಬಳಿಕ ತೂಕದ ಹೊಂದಾಣಿಕೆ. ವರ್ಮ್ ಗೇರಿನ (ತಿರುಪಿನಂತಹ ದಂಡ ಹಲ್ಲಿನ ಚಕ್ರವನ್ನು ತಿರುಗಿಸುವ) ಮೌಂಟ್‌ಗಳಲ್ಲಿ ಆರ್‌ಎ ಅಕ್ಷದ ಪೂರ್ವದ ಬದಿ ಕೂದಲೆಳೆಯಷ್ಟು ಭಾರವಿರಲಿ. ಆಗ ಗೇರು ಸದಾ ಒಂದೇ ಹಲ್ಲಿಗೆ ಒತ್ತಿಕೊಂಡು ಸಾಗುತ್ತದೆ. ದೂರದರ್ಶಕ ಮಧ್ಯಾಹ್ನರೇಖೆ (ನೆತ್ತಿಯ ಮೂಲಕ ಉತ್ತರದಿಂದ ದಕ್ಷಿಣಕ್ಕೆ ಹಾಯುವ ಗೆರೆ) ದಾಟಿ ಬದಿ ಬದಲಿಸಿದ ಮೇಲೆ ಪೂರ್ವದ ಬದಿಯೂ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ.

ತಂತಿಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಹಲವು ರಾತ್ರಿ ನನ್ನ ಗ್ರಾಫ್‌ನಲ್ಲಿ ಡೆಕ್ ಗೆರೆ ಇದ್ದಕ್ಕಿದ್ದಂತೆ ನಾಲ್ಕು ಆರ್ಕ್ ಸೆಕೆಂಡ್ ನೆಗೆದು, ಮೆಲ್ಲಗೆ ಹಿಂದಿರುಗುತ್ತಿತ್ತು. ಗೈಡಿಂಗ್‌ನ ಪ್ರತಿ ಸಂಖ್ಯೆಯನ್ನೂ ಬದಲಿಸಿ ನೋಡಿದ್ದೆ. ಕೊನೆಗೆ ಕೆಂಪು ಟಾರ್ಚ್ ಹಿಡಿದು ಮೌಂಟ್ ಪಕ್ಕದಲ್ಲಿ ಕುಳಿತೆ. ಚಳಿಗೆ ಸೆಟೆದಿದ್ದ ಯುಎಸ್‌ಬಿ ತಂತಿ ಕ್ಲಚ್‌ನ ಹಿಡಿಗೆ ಸಿಕ್ಕಿಕೊಂಡು, ಬಿಗಿದು ಬಿಗಿದು, ಒಂದು ಕ್ಷಣದಲ್ಲಿ ಹಿಡಿಯ ಮೇಲಿಂದ ಜಾರಿ ಬಿತ್ತು. ಕಂಪ್ಯೂಟರಿನ ಮುಂದೆ ಕುಳಿತು ಅದನ್ನು ಕಂಡುಹಿಡಿಯಲು ಸಾಧ್ಯವೇ ಇರಲಿಲ್ಲ. ಕ್ಲಚ್ ಸಡಿಲಿಸಿ ಎರಡೂ ಅಕ್ಷಗಳನ್ನು ಕೈಯಿಂದ ಕೊನೆಯಿಂದ ಕೊನೆಗೆ ತಿರುಗಿಸಿ, ತಂತಿ ಎಲ್ಲಿಯೂ ಎಳೆಯುವುದಿಲ್ಲ ಎಂದು ಕಣ್ಣಾರೆ ನೋಡಿ.

## ಹಂತ 3: ಸಮಯ, ಸ್ಥಳ, ನಿರ್ದೇಶಾಂಕದ ವರ್ಷ

ಭೂಮಿ ನಾಲ್ಕು ನಿಮಿಷದಲ್ಲಿ ಹೆಚ್ಚುಕಡಿಮೆ ಒಂದು ಡಿಗ್ರಿ ತಿರುಗುತ್ತದೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಗುರಿ 15 ಆರ್ಕ್ ಸೆಕೆಂಡ್ ತಪ್ಪುತ್ತದೆ. ಗುರಿ ಸರಿಯಾಗಿ 15 ಡಿಗ್ರಿ ತಪ್ಪುತ್ತಿದ್ದರೆ ಎಲ್ಲೋ ಒಂದು ಗಂಟೆಯ ವ್ಯತ್ಯಾಸ ಸೇರಿಕೊಂಡಿದೆ. ಸಮಯವಲಯವನ್ನೋ ಬೇಸಿಗೆ ಸಮಯದ ಆಯ್ಕೆಯನ್ನೋ ನೋಡಿ. ರೇಖಾಂಶದಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗುವುದೂ ಸಾಮಾನ್ಯ. ಸಮಯ ಮತ್ತು ಸ್ಥಳವನ್ನು ಕಂಪ್ಯೂಟರ್, ಕೈನಿಯಂತ್ರಕ ಇವೆರಡರಲ್ಲಿ ಒಂದೇ ಕಡೆಯಿಂದ ಕೊಡಿ.

ಎಲ್ಲರೂ ಎಡವುವ ಇನ್ನೊಂದು ಕಲ್ಲು ಇಲ್ಲಿದೆ. ನಕ್ಷತ್ರ ಪಟ್ಟಿಗಳು ಹೆಚ್ಚಾಗಿ 2000ನೆಯ ಇಸವಿಯ ನಿರ್ದೇಶಾಂಕಗಳನ್ನು ಕೊಡುತ್ತವೆ. ಅದನ್ನು ಜೆ2000 ಎನ್ನುತ್ತಾರೆ. ಬಹುತೇಕ ಮೌಂಟ್‌ಗಳು ಈ ದಿನದ ನಿರ್ದೇಶಾಂಕಗಳಲ್ಲಿ, ಅಂದರೆ ಜೆನೌನಲ್ಲಿ, ಕೆಲಸ ಮಾಡುತ್ತವೆ. ಭೂಮಿಯ ಅಕ್ಷದ ಅಯನಚಲನೆ (ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದು) ವರ್ಷಕ್ಕೆ ಸುಮಾರು 50.3 ಆರ್ಕ್ ಸೆಕೆಂಡ್. 25 ವರ್ಷದಲ್ಲಿ ಅದು ಹತ್ತಿರ ಹತ್ತಿರ 21 ಆರ್ಕ್ ನಿಮಿಷ, ಪೂರ್ಣಚಂದ್ರನ ಅಗಲದ ಮೂರನೇ ಎರಡು ಭಾಗದಷ್ಟು. ಆಕಾಶದ ಒಂದೇ ಭಾಗದ ಕಾಯಗಳೆಲ್ಲ ಒಂದೇ ದಿಕ್ಕಿಗೆ ಇಷ್ಟರ ಮಟ್ಟಿಗೆ ತಪ್ಪುತ್ತಿದ್ದರೆ ಡ್ರೈವರ್‌ನ ಆಯ್ಕೆಗಳಲ್ಲಿ ಯಾವ ನಿರ್ದೇಶಾಂಕ ಇದೆ ಎಂದು ಮೊದಲು ನೋಡಿ.

## ಹಂತ 4: ಅಕ್ಷವನ್ನು ಧ್ರುವಕ್ಕೆ ಹೊಂದಿಸಿ

ಮೌಂಟ್‌ನ ಆರ್‌ಎ ಅಕ್ಷದೊಳಗಿನ ಪುಟ್ಟ ಧ್ರುವದೂರ್ಬೀನಿನಲ್ಲಿ ಕಣ್ಣಿಟ್ಟು ಹೊಂದಿಸುವುದು ಮೊದಲ ಅಂದಾಜಿಗೆ ಸಾಕು. ನಂತರದ ಕೆಲಸವನ್ನು ಕ್ಯಾಮೆರಾಗೆ ಬಿಡಿ. ಆರ್‌ಎ ಅಕ್ಷವನ್ನು ತಿರುಗಿಸುತ್ತ ಮೂರು ಕಡೆ ಚಿತ್ರ ತೆಗೆದು, ಆ ಮೂರು ಚಿತ್ರಗಳ ನಡುಬಿಂದುಗಳು ಯಾವ ವೃತ್ತದ ಮೇಲೆ ಬೀಳುತ್ತವೆ ಎಂದು ಲೆಕ್ಕ ಹಾಕಿದರೆ ಮೌಂಟ್‌ನ ಅಕ್ಷ ಎತ್ತ ನೋಡುತ್ತಿದೆ ಎಂದು ತಿಳಿಯುತ್ತದೆ. ನೀನಾದ ಮೂರು ಬಿಂದುಗಳ ಧ್ರುವ ಹೊಂದಾಣಿಕೆ ಹೀಗೇ ಕೆಲಸ ಮಾಡುತ್ತದೆ. ಈಕೋಸ್‌ನಲ್ಲಿಯೂ ಇಂತಹದೇ ಸಾಧನವಿದೆ. ನೀನಾದ ವಿಧಾನಕ್ಕೆ ಧ್ರುವ ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಧ್ರುವ ಮರದ ಮರೆಯಲ್ಲಿದ್ದವರಿಗೂ ದಿಗಂತಕ್ಕೆ ಹತ್ತಿರವಿದ್ದವರಿಗೂ ಇದು ದೊಡ್ಡ ಅನುಕೂಲ.

ಅಕ್ಷ ಧ್ರುವದಿಂದ 1 ಆರ್ಕ್ ನಿಮಿಷ ಸರಿದಿದ್ದರೆ ಡೆಕ್ ದಿಕ್ಕಿನಲ್ಲಿ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್ ಸೆಕೆಂಡ್ ಸರಿಯುತ್ತದೆ. 5 ಆರ್ಕ್ ನಿಮಿಷವಾದರೆ ನಿಮಿಷಕ್ಕೆ 1.3, ಗೈಡಿಂಗ್ ಇಲ್ಲದ ಐದು ನಿಮಿಷದ ಚಿತ್ರದಲ್ಲಿ ಆರೂವರೆ ಆರ್ಕ್ ಸೆಕೆಂಡ್ ಉದ್ದದ ಗೆರೆ. ಗೈಡಿಂಗ್ ಇದ್ದರೆ 2 ಆರ್ಕ್ ನಿಮಿಷದೊಳಗೆ ತನ್ನಿ, ಸಾಕು. ಸೊನ್ನೆಯ ಬೆನ್ನು ಹತ್ತಿ ಒಂದು ಗಂಟೆ ಕಳೆಯುವುದು ಬೇಡ.

ತಿರುಪುಗಳನ್ನು ತಿರುಗಿಸುವ ರೀತಿಯೂ ಮುಖ್ಯ. ಎತ್ತರದ ತಿರುಪನ್ನು ಯಾವಾಗಲೂ ಮೇಲಕ್ಕೆ ಎತ್ತುವ ದಿಕ್ಕಿನಲ್ಲೇ ಮುಗಿಸಿ; ಇಳಿಸುತ್ತ ಮುಗಿಸಿದರೆ ತೂಕ ಆಮೇಲೆ ಕುಸಿಯುತ್ತದೆ. ಎಲ್ಲವನ್ನೂ ಬಿಗಿದ ಬಳಿಕ ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗಲೇ ಎರಡು ಮೂರು ಆರ್ಕ್ ನಿಮಿಷ ಸರಿಯುವುದನ್ನು ನೀವೇ ನೋಡುವಿರಿ.

## ಹಂತ 5: ಪ್ಲೇಟ್ ಸಾಲ್ವಿಂಗ್‌ನಿಂದ ಗುರಿ ನಡುವೆ ತನ್ನಿ

ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ, ಆಸ್ಟಾಪ್ ಅದರಲ್ಲಿನ ನಕ್ಷತ್ರಗಳ ವಿನ್ಯಾಸವನ್ನು ತನ್ನ ಪಟ್ಟಿಯೊಂದಿಗೆ ಹೋಲಿಸಿ ಚಿತ್ರದ ನಡುಬಿಂದು ಎಲ್ಲಿದೆ ಎಂದು ಹೇಳುತ್ತದೆ, ಮೌಂಟ್ ಉಳಿದ ದೂರ ಸರಿಯುತ್ತದೆ. ಎರಡು ಮೂರು ಸುತ್ತಿನಲ್ಲಿ ಗುರಿ ನಡುವಿಗೆ ಬರುತ್ತದೆ. ಚಿತ್ರಕ್ಕೆ 3ರಿಂದ 5 ಸೆಕೆಂಡ್ ಸಾಕು. ಸರಿಯಾದ ನಕ್ಷತ್ರ ಪಟ್ಟಿಯನ್ನು ಮೊದಲೇ ಇಳಿಸಿಕೊಂಡಿರಿ.

ಸಾಲ್ವಿಂಗ್ ವಿಫಲವಾದರೆ ಮೊದಲು ಅನುಮಾನಿಸಬೇಕಾದದ್ದು ನೀವು ತುಂಬಿದ ಸಂಗಮದೂರವನ್ನು. ರೆಡ್ಯೂಸರ್ (ಸಂಗಮದೂರ ಕಡಿಮೆ ಮಾಡುವ ಮಸೂರ) ಹಾಕಿದವರು ಹಳೆಯ ಸಂಖ್ಯೆಯನ್ನೇ ಬಿಟ್ಟಿರುತ್ತಾರೆ. ಒಮ್ಮೆ ಸಾಲ್ವ್ ಆದ ಚಿತ್ರ ನಿಜವಾದ ಪಿಕ್ಸೆಲ್ ಅಳತೆಯನ್ನೂ ಹೇಳುತ್ತದೆ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಸಂಗಮದೂರವನ್ನು ತಿದ್ದಿಕೊಳ್ಳಿ. ಎರಡನೆಯ ಕಾರಣ ಫೋಕಸ್ ತಪ್ಪಿರುವುದು.

## ಹಂತ 6: ಗುರಿಯ ಮಾದರಿ, ಬೇಕಾದವರಿಗೆ ಮಾತ್ರ

ಗುರಿಯ ಮಾದರಿ ಎಂದರೆ ಆಕಾಶದ ಎಲ್ಲೆಲ್ಲಿ ಮೌಂಟ್ ಎಷ್ಟು ಗುರಿ ತಪ್ಪುತ್ತದೆ ಎಂಬ ಲೆಕ್ಕ. ಪ್ರತಿ ರಾತ್ರಿ ಮೌಂಟ್ ಹೊರಗೆ ತಂದು ಬೆಳಗ್ಗೆ ಒಳಗಿಡುವವರು ಈ ಹಂತವನ್ನು ಬಿಟ್ಟುಬಿಡಿ ಎಂಬುದು ನನ್ನ ಖಚಿತ ಸಲಹೆ. ಟ್ರೈಪಾಡ್ ಒಮ್ಮೆ ಕದಲಿದರೆ ಮಾದರಿಯ ದೊಡ್ಡ ಭಾಗ ಹಳತಾಗುತ್ತದೆ, ಐದನೆಯ ಹಂತವೇ ನಿಮಗೆ ಸಾಕು. ಕಾಯಂ ಕಂಬದ ಮೇಲೆ ಮೌಂಟ್ ಇರುವವರಿಗೆ, ಗೈಡಿಂಗ್ ಇಲ್ಲದೆ ಚಿತ್ರ ತೆಗೆಯಲು ಬಯಸುವವರಿಗೆ ಮಾದರಿ ನಿಜವಾಗಿಯೂ ಫಲ ಕೊಡುತ್ತದೆ.

ಟಿಪಾಯಿಂಟ್‌ನಂತಹ ತಂತ್ರಾಂಶ ಆಕಾಶದ ಹಲವು ಕಡೆ ಮೌಂಟ್ ಹೇಳಿದ ಸ್ಥಾನವನ್ನೂ ನಿಜವಾದ ಸ್ಥಾನವನ್ನೂ ಹೋಲಿಸಿ, ದೋಷವನ್ನು ಬಿಡಿಸಿ ತೋರಿಸುತ್ತದೆ: ಎರಡು ಅಕ್ಷಗಳ ಸೊನ್ನೆಯ ತಪ್ಪು (ಎಣಿಕೆ ಶುರುವಾಗುವ ಬಿಂದು ಸರಿದಿರುವುದು), ಅಕ್ಷಗಳು ಒಂದಕ್ಕೊಂದು ಲಂಬವಾಗಿರದ ತಪ್ಪು, ಕೊಳವೆ ಡೆಕ್ ಅಕ್ಷಕ್ಕೆ ಲಂಬವಾಗಿರದ ಕೋನ್ ದೋಷ, ಧ್ರುವದಿಂದ ಎತ್ತರದಲ್ಲಿ ಮತ್ತು ಪಕ್ಕಕ್ಕೆ ಸರಿದ ತಪ್ಪು. ಈ ಆರರ ಮೇಲೆ ಕೊಳವೆ ಬಾಗುವುದು, ಗೇರಿನ ಕೇಂದ್ರ ತಪ್ಪಿರುವುದು ಮುಂತಾದವನ್ನು ಸೇರಿಸಬಹುದು.

ಮಧ್ಯಾಹ್ನರೇಖೆಯ ಎರಡೂ ಬದಿಗಳಲ್ಲಿ ಹರಡಿದಂತೆ 30ರಿಂದ 40 ಬಿಂದುಗಳನ್ನು ತೆಗೆದುಕೊಳ್ಳಿ. ಒಂದೇ ಬದಿಯ ಬಿಂದುಗಳಿದ್ದರೆ ಕೋನ್ ದೋಷವನ್ನೂ ಆರ್‌ಎ ಸೊನ್ನೆಯ ತಪ್ಪನ್ನೂ ಸರಿಯಾಗಿ ಬಿಡಿಸಲಾಗುವುದಿಲ್ಲ. 25 ಡಿಗ್ರಿಗಿಂತ ಕೆಳಗೆ ಇಳಿಯಬೇಡಿ. ವಾತಾವರಣದ ವಕ್ರೀಭವನ 45 ಡಿಗ್ರಿ ಎತ್ತರದಲ್ಲಿ ಸುಮಾರು 1 ಆರ್ಕ್ ನಿಮಿಷವಿದ್ದರೆ 20 ಡಿಗ್ರಿಯಲ್ಲಿ ಎರಡೂವರೆ ದಾಟುತ್ತದೆ, ದಿಗಂತದಲ್ಲಿ ಅರ್ಧ ಡಿಗ್ರಿಗಿಂತ ಹೆಚ್ಚು. ಮಾದರಿ ಮುಗಿದ ಮೇಲೆ, ಅದರಲ್ಲಿ ಬಳಸದ ಐದಾರು ಹೊಸ ಬಿಂದುಗಳಿಗೆ ಹೋಗಿ ಪರೀಕ್ಷಿಸಿ. ಮಾದರಿಗೆ ಹೊಸ ಹೊಸ ದೋಷಗಳ ಲೆಕ್ಕವನ್ನು ಸೇರಿಸುತ್ತ ಹೋದರೆ ಹಳೆಯ ಬಿಂದುಗಳ ದೋಷ ಕಾಗದದ ಮೇಲೆ ಕರಗುತ್ತಲೇ ಇರುತ್ತದೆ. ಹೊಸ ಬಿಂದುಗಳಲ್ಲಿ ಕಡಿಮೆಯಾದರೆ ಮಾತ್ರ ಅದು ನಿಜವಾದ ಸುಧಾರಣೆ.

ಮಾದರಿ ಬೇಡವೆಂದವರೂ ಒಂದು ಎಚ್ಚರಿಕೆಯನ್ನು ಓದಿ. ಇಕ್ಯುಮಾಡ್‌ನಂತಹ ಡ್ರೈವರ್‌ಗಳು ಪ್ರತಿ ಸಿಂಕ್ ಅನ್ನು (ಮೌಂಟ್‌ಗೆ ಅದರ ನಿಜವಾದ ಸ್ಥಾನ ತಿಳಿಸುವುದನ್ನು) ಒಂದು ಬಿಂದುವಾಗಿ ಪಟ್ಟಿಗೆ ಸೇರಿಸಿಕೊಳ್ಳುವಂತೆ ಹೊಂದಿಸಿರಬಹುದು. ನಿನ್ನೆಯ ಬಿಂದುಗಳು ಉಳಿದಿದ್ದರೆ ಇಂದು ಮೌಂಟ್ ಗುರಿಯತ್ತ ಹೋಗಿ, ಸಿಂಕ್ ಆಗಿ, ಮತ್ತೆ ಅತ್ತ ಸರಿಯುತ್ತದೆ. ಐದು ಸುತ್ತಾದರೂ ನಡುವಿಗೆ ಬರುವುದಿಲ್ಲ. ಧ್ರುವ ಹೊಂದಾಣಿಕೆ ಮುಗಿದ ಕೂಡಲೇ ಹಳೆಯ ಬಿಂದುಗಳನ್ನೆಲ್ಲ ಅಳಿಸಿ.

## ಹಂತ 7: ಗೈಡಿಂಗ್

ಪಿಎಚ್‌ಡಿ2ರಲ್ಲಿ ಹೊಸ ಪ್ರೊಫೈಲ್ ಮಾಡಿ, ಗೈಡ್‌ಸ್ಕೋಪ್‌ನ ಸಂಗಮದೂರ ಮತ್ತು ಪಿಕ್ಸೆಲ್ ಗಾತ್ರ ಸರಿಯಾಗಿ ತುಂಬಿ. ಮೌಂಟ್‌ನ ಗೈಡ್ ವೇಗ ನಕ್ಷತ್ರವೇಗದ (ಆಕಾಶ ತಿರುಗುವಂತೆ ಕಾಣುವ ವೇಗದ) ಅರ್ಧದಷ್ಟು, ಅಂದರೆ ಸೆಕೆಂಡಿಗೆ ಸುಮಾರು 7.5 ಆರ್ಕ್ ಸೆಕೆಂಡ್ ಇರಲಿ. ನಕ್ಷತ್ರವನ್ನು ನೀವೇ ಆರಿಸದೆ ತಂತ್ರಾಂಶಕ್ಕೆ ಬಿಡಿ. ಬಹುನಕ್ಷತ್ರ ಗೈಡಿಂಗ್ ಆಯ್ಕೆಯನ್ನು ಚಾಲೂ ಇಡಿ, ಗಾಳಿಯ ನಡುಕ (ವಾತಾವರಣದಿಂದ ನಕ್ಷತ್ರದ ಬಿಂಬ ಅಲುಗುವುದು) ಸರಾಸರಿಯಲ್ಲಿ ಇಳಿಯುತ್ತದೆ.

ಮೌಂಟ್ ಅನ್ನು ಸ್ವಲ್ಪ ಸರಿಸಿ ನಕ್ಷತ್ರ ಎತ್ತ, ಎಷ್ಟು ಸರಿಯಿತು ಎಂದು ಪಿಎಚ್‌ಡಿ2 ಅಳೆಯುವುದೇ ಕ್ಯಾಲಿಬ್ರೇಷನ್. ಅದನ್ನು ಮಾಡುವ ಜಾಗ ಮುಖ್ಯ: ಖಗೋಳ ವಿಷುವದ್ವೃತ್ತಕ್ಕೆ ಹತ್ತಿರ, ಮಧ್ಯಾಹ್ನರೇಖೆಗೆ ಹತ್ತಿರ. ಧ್ರುವದ ಪಕ್ಕದಲ್ಲಿ ಮಾಡಿದರೆ ಆರ್‌ಎ ಅಕ್ಷ ಎಷ್ಟು ತಿರುಗಿದರೂ ನಕ್ಷತ್ರ ಅಲ್ಪವೇ ಸರಿಯುತ್ತದೆ, ಅಳತೆ ಕೆಡುತ್ತದೆ. ಶುರು ಮಾಡುವ ಮೊದಲು ಡೆಕ್ ಅಕ್ಷವನ್ನು ಉತ್ತರಕ್ಕೆ ಸ್ವಲ್ಪ ಸರಿಸಿ, ಹಲ್ಲಿನ ಸಡಿಲು ಆ ಬದಿಯಲ್ಲಿ ತೀರಿಹೋಗಲಿ. ಮುಗಿದ ಮೇಲೆ ಚಿತ್ರ ನೋಡಿ: ಎರಡು ಸಾಲು ಚುಕ್ಕಿಗಳು ಲಂಬವಾಗಿ ಕೂಡಿರಬೇಕು, ಪ್ರತಿ ಸಾಲಿನಲ್ಲಿ ಹತ್ತು ಹನ್ನೆರಡು ಹೆಜ್ಜೆಗಳಿರಬೇಕು. ಒಳ್ಳೆಯ ಕ್ಯಾಲಿಬ್ರೇಷನ್ ಸಿಕ್ಕಿದರೆ ಗೈಡ್ ಕ್ಯಾಮೆರಾವನ್ನು ತಿರುಗಿಸುವವರೆಗೆ ಅದನ್ನೇ ಬಳಸಿ.

ಈಗ ಗೈಡಿಂಗ್ ಅಸಿಸ್ಟೆಂಟ್ ತೆರೆಯಿರಿ. ಇದನ್ನು ಬಿಟ್ಟು ಸಂಖ್ಯೆಗಳನ್ನು ಊಹೆಯಿಂದ ತುಂಬುವವರೇ ಹೆಚ್ಚು. ಅದು ತಿದ್ದುವುದನ್ನು ನಿಲ್ಲಿಸಿ, ಮೌಂಟ್ ತನ್ನಷ್ಟಕ್ಕೆ ಹೇಗೆ ಸಾಗುತ್ತದೆ, ಗಾಳಿ ಎಷ್ಟು ನಡುಗುತ್ತಿದೆ ಎಂದು ಅಳೆಯುತ್ತದೆ. ಐದು ನಿಮಿಷವಾದರೂ ಬಿಡಿ. ಕೊನೆಯಲ್ಲಿ ಡೆಕ್ ಬ್ಯಾಕ್‌ಲ್ಯಾಶ್ ಅನ್ನೂ ಅಳೆದು, ಎಷ್ಟು ಸಣ್ಣ ಚಲನೆಯನ್ನು ನಿರ್ಲಕ್ಷಿಸಬೇಕು ಎಂಬ ಮಿತಿಯನ್ನು ಸೂಚಿಸುತ್ತದೆ. ಆ ಸೂಚನೆಯನ್ನು ಒಪ್ಪಿಕೊಳ್ಳಿ.

ಎಕ್ಸ್‌ಪೋಶರ್ 2ರಿಂದ 3 ಸೆಕೆಂಡ್ ಇರಲಿ. ಅರ್ಧ ಸೆಕೆಂಡಿಗೆ ಇಳಿಸಿದರೆ ಮೌಂಟ್ ನಕ್ಷತ್ರವನ್ನಲ್ಲ, ಗಾಳಿಯನ್ನು ಹಿಂಬಾಲಿಸುತ್ತದೆ. ಸ್ಟ್ರೇನ್ ವೇವ್ ಗೇರಿನ ಮೌಂಟ್‌ಗಳು ಇದಕ್ಕೆ ಹೊರತು. ಅವುಗಳಲ್ಲಿ ಬ್ಯಾಕ್‌ಲ್ಯಾಶ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಆವರ್ತ ದೋಷ (ಗೇರು ಸುತ್ತಿದಂತೆಲ್ಲ ಮರುಕಳಿಸುವ ದೋಷ) ದೊಡ್ಡದು, ವೇಗವಾಗಿ ಬದಲಾಗುವಂತಹದು. ಅಲ್ಲಿ 1 ಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಬೇಕಾಗುತ್ತದೆ.

ಬ್ಯಾಕ್‌ಲ್ಯಾಶ್ ತುಂಬ ಇರುವ ಮೌಂಟ್‌ನಲ್ಲಿ ಡೆಕ್ ಅನ್ನು ಒಂದೇ ದಿಕ್ಕಿನಲ್ಲಿ ತಿದ್ದುವಂತೆ ಇಡಿ. ನಕ್ಷತ್ರ ಯಾವ ಕಡೆ ಸರಿಯುತ್ತಿದೆ ಎಂದು ಅಸಿಸ್ಟೆಂಟ್ ಹೇಳುತ್ತದೆ, ಅದಕ್ಕೆ ಎದುರು ದಿಕ್ಕನ್ನು ಆರಿಸಿ. ಹೀಗೆ ಮಾಡುವಾಗ ಧ್ರುವದಿಂದ ಒಂದೆರಡು ಆರ್ಕ್ ನಿಮಿಷದ ತಪ್ಪು ಇರುವುದೇ ಒಳ್ಳೆಯದು.

ಒಮ್ಮೆಗೆ ಒಂದೇ ಸಂಖ್ಯೆ ಬದಲಿಸಿ, ಹತ್ತು ನಿಮಿಷ ನೋಡಿ, ಬರೆದಿಡಿ. ನೋಟ್‌ಬುಕ್ ಬೇಕೆಂದದ್ದು ಇದಕ್ಕೇ.

## ಹಂತ 8: ಆವರ್ತ ದೋಷ

ನಕ್ಷತ್ರ ದಿನ, ಅಂದರೆ ನಕ್ಷತ್ರಗಳಿಗೆ ಹೋಲಿಸಿದಂತೆ ಭೂಮಿಯ ಒಂದು ಸುತ್ತು, 86,164 ಸೆಕೆಂಡ್. ಅದನ್ನು ಆರ್‌ಎ ಗೇರಿನ ಹಲ್ಲುಗಳಿಂದ ಭಾಗಿಸಿದರೆ ವರ್ಮ್ ಒಂದು ಸುತ್ತು ಸುತ್ತುವ ಕಾಲ ಸಿಗುತ್ತದೆ: 180 ಹಲ್ಲಿಗೆ 479 ಸೆಕೆಂಡ್, 144 ಹಲ್ಲಿಗೆ 598. ಆರ್‌ಎ ಗೆರೆ ಇಷ್ಟೇ ಕಾಲಕ್ಕೊಮ್ಮೆ ಏರಿಳಿಯುತ್ತಿದ್ದರೆ ಅದು ವರ್ಮ್‌ನದೇ ದೋಷ.

ಮೌಂಟ್‌ನಲ್ಲಿ ಪಿಇಸಿ (ಆವರ್ತ ದೋಷವನ್ನು ದಾಖಲಿಸಿ ತಿದ್ದುವ ಸೌಲಭ್ಯ) ಇದ್ದರೆ ವಿಷುವದ್ವೃತ್ತದ ಬಳಿ ಐದು ಸುತ್ತುಗಳಷ್ಟಾದರೂ ದಾಖಲಿಸಿ. ನಂತರ ಅದನ್ನು ಚಾಲೂ ಮಾಡಿ ಗೈಡಿಂಗ್ ಇಲ್ಲದೆ ಅಳೆಯಿರಿ. ದೋಷ ಇಮ್ಮಡಿಯಾಗಿದ್ದರೆ ತಿದ್ದುಪಡಿ ತಲೆಕೆಳಗಾಗಿ ಕೂತಿದೆ. ವರ್ಮ್ ಎಲ್ಲಿದೆ ಎಂದು ತಿಳಿಯುವ ಸಂವೇದಕ ಇಲ್ಲದ ಮೌಂಟ್‌ನಲ್ಲಿ ಪಾರ್ಕ್ ಮಾಡದೆ (ನಿಗದಿತ ವಿರಾಮದ ಸ್ಥಾನಕ್ಕೆ ತಾರದೆ) ವಿದ್ಯುತ್ ತೆಗೆದರೆ, ಅಥವಾ ವಿದ್ಯುತ್ ಇಲ್ಲದಾಗ ವರ್ಮ್ ಅನ್ನು ತಿರುಗಿಸಿದರೆ, ದಾಖಲೆ ನಿರುಪಯೋಗಿ. ಅಂತಹವರಿಗೆ ಪಿಎಚ್‌ಡಿ2ರ ಪ್ರೆಡಿಕ್ಟಿವ್ ಪಿಇಸಿ ವಿಧಾನ ಮೇಲು. ಅದು ಒಂದೆರಡು ಸುತ್ತುಗಳಲ್ಲಿ ಮೌಂಟ್‌ನ ನಡೆಯನ್ನು ಆ ರಾತ್ರಿಯೇ ಕಲಿಯುತ್ತದೆ.

## ಹಂತ 9: ಬಾಗುವಿಕೆ ಪರೀಕ್ಷಿಸಿ

ಗ್ರಾಫ್ ಚೆನ್ನಾಗಿದ್ದೂ ನಕ್ಷತ್ರಗಳು ಉದ್ದವಾಗುತ್ತಿದ್ದರೆ ಗೈಡ್‌ಸ್ಕೋಪ್ ಮತ್ತು ಮುಖ್ಯ ದೂರದರ್ಶಕ ಒಂದಕ್ಕೊಂದು ಬೇರೆ ಬೇರೆಯಾಗಿ ಬಾಗುತ್ತಿರಬಹುದು. ಒಂದು ಗಂಟೆ ಎಡೆಬಿಡದೆ ಗೈಡ್ ಮಾಡಿ, ಡಿದರಿಂಗ್ (ಚಿತ್ರಗಳ ನಡುವೆ ಗುರಿಯನ್ನು ಬೇಕೆಂದೇ ಸ್ವಲ್ಪ ಸರಿಸುವುದು) ನಿಲ್ಲಿಸಿ, ಮೊದಲ ಮತ್ತು ಕೊನೆಯ ಚಿತ್ರಗಳನ್ನು ಪ್ಲೇಟ್ ಸಾಲ್ವ್ ಮಾಡಿ. ನಡುಬಿಂದುಗಳ ನಡುವಿನ ಅಂತರವೇ ಬಾಗುವಿಕೆಯ ಅಳತೆ. 1,000 ಮಿ.ಮೀ. ಮೀರಿದ ಸಂಗಮದೂರದಲ್ಲಿ, ಅದರಲ್ಲಿಯೂ ಕನ್ನಡಿ ಜಾರುವ ದೂರದರ್ಶಕಗಳಲ್ಲಿ, ಇದಕ್ಕೆ ಆಫ್ ಆಕ್ಸಿಸ್ ಗೈಡರ್ (ಮುಖ್ಯ ದೂರದರ್ಶಕದ ಬೆಳಕಿನಲ್ಲೇ ಸ್ವಲ್ಪವನ್ನು ಗೈಡ್ ಕ್ಯಾಮೆರಾಗೆ ತಿರುಗಿಸುವ ಸಾಧನ) ಒಂದೇ ಒಳ್ಳೆಯ ಪರಿಹಾರ.

## ಎಚ್ಚರಿಕೆಯ ಸೂಚನೆಗಳು

ಗೆರೆ ಪ್ರತಿ ಚಿತ್ರಕ್ಕೂ ಮೇಲೊಮ್ಮೆ ಕೆಳಗೊಮ್ಮೆ ಗರಗಸದ ಹಲ್ಲಿನಂತೆ ಹೋದರೆ ತಿದ್ದುಪಡಿ ಅತಿಯಾಗಿದೆ, ಅಗ್ರೆಸಿವ್‌ನೆಸ್ (ಕಂಡ ದೋಷದ ಎಷ್ಟು ಭಾಗವನ್ನು ಒಮ್ಮೆಗೆ ತಿದ್ದಬೇಕು ಎಂಬ ಸಂಖ್ಯೆ) ಇಳಿಸಿ. ಡೆಕ್ ಗೆರೆ ಒಂದು ಬದಿಯಲ್ಲಿ ಬಹಳ ಹೊತ್ತು ನಿಂತು, ತಟ್ಟನೆ ಇನ್ನೊಂದು ಬದಿಗೆ ಹಾರಿದರೆ ಬ್ಯಾಕ್‌ಲ್ಯಾಶ್. ದೂರದರ್ಶಕ ಬದಿ ಬದಲಿಸಿದ ಕೂಡಲೇ ಡೆಕ್ ಓಡಿಹೋದರೆ, ಬದಿ ಬದಲಾದಾಗ ಡೆಕ್ ದಿಕ್ಕನ್ನು ತಿರುಗಿಸುವ ಆಯ್ಕೆಯನ್ನು ಬದಲಿಸಿ ನೋಡಿ. ಚಿತ್ರದ ಮೂಲೆಗಳಲ್ಲಿ ನಕ್ಷತ್ರಗಳು ಕಮಾನಿನಂತೆ ಬಾಗಿದ್ದರೆ ನಾಲ್ಕನೆಯ ಹಂತಕ್ಕೆ ಹಿಂದಿರುಗಿ.

ಗ್ರಾಫ್ ಅತಿ ಚೆನ್ನಾಗಿದ್ದಾಗಲೂ ಅನುಮಾನಿಸಿ. ಒಂದು ರಾತ್ರಿ ನನ್ನ ಎರಡೂ ಗೆರೆಗಳು ಸೊನ್ನೆಯ ಮೇಲೆ ಎಳೆದಿಟ್ಟಂತೆ ನಿಂತಿದ್ದವು, ಮುಖ್ಯ ಚಿತ್ರದಲ್ಲಿ ಮಾತ್ರ ಪ್ರತಿ ನಕ್ಷತ್ರವೂ ಬೆರಳುದ್ದದ ಗೆರೆ. ಗೈಡ್ ಕ್ಯಾಮೆರಾ ಹಿಡಿದುಕೊಂಡಿದ್ದದ್ದು ನಕ್ಷತ್ರವನ್ನಲ್ಲ, ತನ್ನದೇ ಸಂವೇದಕದ ಒಂದು ಬಿಸಿ ಪಿಕ್ಸೆಲ್ಲನ್ನು. ಅದು ಎಂದಿಗೂ ಕದಲುವುದಿಲ್ಲ. ಪಿಎಚ್‌ಡಿ2ರ ನಕ್ಷತ್ರದ ಪಾರ್ಶ್ವನೋಟದ ಕಿಟಕಿ ತೆರೆಯಿರಿ: ನಿಜವಾದ ನಕ್ಷತ್ರ ಅಗಲ ಬುಡದ ಗುಡ್ಡದಂತೆ ಕಾಣುತ್ತದೆ, ಬಿಸಿ ಪಿಕ್ಸೆಲ್ ಸೂಜಿಯಂತೆ. ಕ್ಯಾಮೆರಾಗೆ ಮುಚ್ಚಳ ಹಾಕಿ, ನೀವು ಬಳಸುವ ಎಲ್ಲ ಎಕ್ಸ್‌ಪೋಶರ್‌ಗಳಿಗೂ ಡಾರ್ಕ್ ಲೈಬ್ರರಿ (ಬಿಸಿ ಪಿಕ್ಸೆಲ್‌ಗಳನ್ನು ಕಳೆಯಲು ಬಳಸುವ ಕತ್ತಲೆಯ ಚಿತ್ರಗಳು) ತೆಗೆದು, ಅದನ್ನು ಬಳಸುವ ಆಯ್ಕೆಯನ್ನು ಚಾಲೂ ಮಾಡಿ, ಬಳಿಕವೇ ನಕ್ಷತ್ರ ಆರಿಸಿ.